ಅಮ್ಮ ಚೊಕ್ಕ ಮಾಡಿದ ಪಟ್ಟಿಗಳು

ನಮ್ಮದು ಡ್ರೈಕ್ಲೀನಿಂಗ್ ಅಂಗಡಿ. ಮುಂದೆ ಕೌಂಟರು, ಅಲ್ಲಿ ನಾನು. ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕಲೆ ತೆಗೆಯುವ ಮೇಜು, ಅಲ್ಲಿ ಅಮ್ಮ. ಅವಳ ಬೆನ್ನ ಹಿಂದೆ ಹಬೆಯ ಇಸ್ತ್ರಿ, ಅಲ್ಲಿ ಅಪ್ಪ. ಬೆಳಗಿನಿಂದ ಸಂಜೆಯವರೆಗೆ ಮೂವರೂ ಒಬ್ಬರ ಮಾತು ಒಬ್ಬರಿಗೆ ಕೇಳುವಷ್ಟು ಹತ್ತಿರದಲ್ಲಿರುತ್ತೇವೆ. ಹಾಗಾಗಿ ಮನೆಯೊಳಗೆ ಗುಟ್ಟು ಎನ್ನುವುದು ಉಳಿಯುವುದಿಲ್ಲ. ಇಸ್ತ್ರಿ ಸುಂಯ್ ಎಂದು ಹಬೆ ಬಿಟ್ಟಾಗ ಅಪ್ಪ ಏನು ಗೊಣಗುತ್ತಾನೋ ಅದೊಂದು ಮಾತ್ರ ನಮಗೆ ಕೇಳಿಸುವುದಿಲ್ಲ. ಆ ಅನುಕೂಲವನ್ನು ಅವನು ಚೆನ್ನಾಗಿಯೇ ಬಳಸಿಕೊಳ್ಳುತ್ತಾನೆ.

ಅಪ್ಪನಿಗೆ ಅರವತ್ತರ ಹತ್ತಿರ. ಮದುವೆಗೆ ಮೊದಲು ಊರಾಚೆಯ ಗುಡ್ಡದಲ್ಲಿ ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದನ್ನು ಕಲಿತಿದ್ದನಂತೆ. ಆಮೇಲೆ ಅಂಗಡಿ ಬಂತು, ಅಮ್ಮ ಬಂದಳು, ನಾನು ಬಂದೆ, ಸ್ಕೀ ಅಟ್ಟ ಸೇರಿತು. ನಾನು ದೊಡ್ಡವಳಾಗಿ ಸ್ನೇಹಿತರ ಜೊತೆ ಹಿಮದಲ್ಲಿ ಅಡ್ಡಾಡಲು ಶುರುಮಾಡಿದ ಮೇಲೆ ಅವನೂ ಅಟ್ಟ ಹತ್ತಿದ. ಒಂದು ಹಳೆಯ ಜೋಡಿ ಕೊಟ್ಟು ಇನ್ನೊಂದು ಹಳೆಯ ಜೋಡಿ ತಂದ. ಈಗ ಅವನಿಗೆ ಇರುವುದು ಒಂದೇ ಹುಚ್ಚು. ಸ್ಕೀ ಕಟ್ಟಿಕೊಂಡು ದೊಡ್ಡ ಬೆಟ್ಟ ಹತ್ತಬೇಕು, ಹಿಮನದಿ ದಾಟಬೇಕು, ಮೇಲಿನ ತಂಗುಮನೆಯಲ್ಲಿ ಮಲಗಬೇಕು, ಬೆಳಿಗ್ಗೆ ಎದ್ದು ಇನ್ನೊಂದು ಬದಿಗೆ ಜಾರಿಕೊಂಡು ಇಳಿಯಬೇಕು.

"ಜೀವಮಾನ ಎಲ್ಲಾ ಹಬೇಲಿ ಬೆಂದಿದೀನಿ ಕಣೇ. ಒಂದ್ಸಲ ಒಣಗಾಳೀಲಿ ನಿಂತ್ಕೋಬೇಕು" ಎನ್ನುತ್ತಾನೆ.

"ಬಾಲ್ಕನೀಲಿ ನಿಂತ್ಕೊಳ್ಳಿ" ಎನ್ನುತ್ತಾಳೆ ಅಮ್ಮ.

ಆ ದಾರಿಯಲ್ಲಿ ಗೈಡ್ ಇಲ್ಲದೆ ಹೋಗುವ ಹಾಗಿಲ್ಲ. ಹಿಮನದಿಯಲ್ಲಿ ಬಿರುಕುಗಳಿವೆ, ಇಳಿಜಾರಿನಲ್ಲಿ ಹಿಮ ಕುಸಿಯುತ್ತದೆ. ನಮ್ಮ ಕಡೆಯವರನ್ನು ಕರೆದುಕೊಂಡು ಹೋಗುವ ಗೈಡಿಗೆ ಎಲ್ಲರೂ ಬೆನ್ನ ಹಿಂದೆ ನಿಧಾನಪ್ಪ ಎನ್ನುತ್ತಾರೆ. ಹತ್ತುವಾಗ ಅವನ ಬಾಯಿಂದ ಬರುವುದು 'ನಿಧಾನ' ಎಂಬ ಒಂದೇ ಮಾತು. ಚಳಿಗಾಲದ ಕೊನೆಯ ಯಾತ್ರೆಗೆ ಮೊದಲು ಒಂದು ಭಾನುವಾರ ಊರ ಹತ್ತಿರದ ಬೆಟ್ಟಕ್ಕೆ ಎಲ್ಲರನ್ನೂ ಕರೆದೊಯ್ದು ನೋಡುತ್ತಾನೆ. ಅವನಿಗೆ ಒಪ್ಪಿಗೆಯಾದವರು ಮಾತ್ರ ದೊಡ್ಡ ಬೆಟ್ಟಕ್ಕೆ.

ಹೋದ ವರ್ಷ ಆ ಭಾನುವಾರ ಅಪ್ಪ ಅನುತ್ತೀರ್ಣನಾಗಿದ್ದ. ಉಸಿರಿನ ತೊಂದರೆಯಲ್ಲ, ಕಾಲಿನ ಬಲದ ತೊಂದರೆಯೂ ಅಲ್ಲ. ಬೂಟು ಹಿಮ್ಮಡಿಯನ್ನು ಉಜ್ಜಿ ಗುಳ್ಳೆ ಎದ್ದಿತ್ತು. ಅವನು ಯಾರಿಗೂ ಹೇಳಲಿಲ್ಲ, ಹಲ್ಲು ಕಚ್ಚಿಕೊಂಡು ನಡೆದ. ಗುಳ್ಳೆ ಒಡೆಯಿತು, ಕಾಲುಚೀಲ ಕೆಂಪಾಯಿತು, ತುದಿಗೆ ಇನ್ನೇನು ಸ್ವಲ್ಪ ದಾರಿ ಇದೆ ಎನ್ನುವಾಗ ಕುಸಿದು ಕೂತ. ಇಡೀ ಗುಂಪು ವಾಪಸ್ಸು ಬರಬೇಕಾಯಿತು.

ಕಾರಿನ ಹತ್ತಿರ ಬಂದ ಮೇಲೆ ನಿಧಾನಪ್ಪ ಸಿಟ್ಟಿಲ್ಲದೆ ಹೇಳಿದ್ದ: "ಗುಳ್ಳೆ ಎಲ್ರಿಗೂ ಏಳುತ್ತೆ ಲಾಂಡ್ರಿಯವ್ರೇ. ಆದ್ರೆ ಮೇಲೆ ಎಲ್ರನ್ನೂ ಒಂದೇ ಹಗ್ಗಕ್ಕೆ ಕಟ್ಟಿರ್ತೀನಿ. ಮುಚ್ಚಿಡೋರನ್ನ ನಾನು ಹಗ್ಗಕ್ಕೆ ಕಟ್ಟಲ್ಲ."

ನನ್ನನ್ನು ಒಪ್ಪಿದ್ದ. ನಾನು ಹೋದೆ. ಅಪ್ಪ ನನ್ನನ್ನು ಸ್ಟೇಷನ್ನಿಗೆ ಬಿಟ್ಟು, ನಾನು ವಾಪಸ್ಸು ಬಂದಾಗ ಕರೆದುಕೊಂಡು ಬಂದ. ಮೇಲೆ ಹೇಗಿತ್ತು ಎಂದು ಕೇಳಲಿಲ್ಲ. ತಂಗುಮನೆಯ ಹೊದಿಕೆಗಳನ್ನು ತೊಳೆಯುತ್ತಾರೋ ಇಲ್ಲವೋ ಎಂದು ಮಾತ್ರ ಕೇಳಿದ.

ಅಪ್ಪ ಸುಳ್ಳುಗಾರನಲ್ಲ. ಮುಚ್ಚಿಡುವುದು ನಮ್ಮ ಅಂಗಡಿಯ ಅಭ್ಯಾಸ. ಬಟ್ಟೆಗೆ ಏನೇ ಆಗಲಿ, ಗಿರಾಕಿಗೆ ಗೊತ್ತಾಗಬಾರದು. ಗುಂಡಿ ಒಡೆದರೆ ಊರೆಲ್ಲ ಸುತ್ತಿ ಅಂಥದ್ದೇ ಗುಂಡಿ ತಂದು ಹೊಲಿಯುತ್ತೇವೆ. ಒಳಪದರ ಹರಿದರೆ ಅಮ್ಮ ಕೂತು ಸೇರಿಸುತ್ತಾಳೆ. ಹ್ಯಾಂಗರಿಗೆ ಹಾಕಿ, ಪ್ಲಾಸ್ಟಿಕ್ ಹೊದಿಸಿ, ನಗುತ್ತಾ ಕೊಡುತ್ತೇವೆ. ಅವರು "ಚೆನ್ನಾಗಿದೆ" ಎಂದರೆ ಮುಗಿಯಿತು. ಕಥೆ ಹೇಳಿದರೆ ಗಿರಾಕಿ ಮುಂದಿನ ಬೀದಿಯ ಅಂಗಡಿಗೆ ಹೋಗುತ್ತಾನೆ. ಇದನ್ನು ನಾನೂ ಕೌಂಟರಿನಲ್ಲಿ ನಿಂತ ಮೊದಲ ವಾರದಲ್ಲೇ ಕಲಿತೆ.

ಈ ವರ್ಷ ನಿಧಾನಪ್ಪ ಇನ್ನೊಂದು ಮಾತು ಸೇರಿಸಿದ್ದ. ಅವನ ಮಂಡಿ ಸವೆದಿದೆ, ಹಿಮನದಿಯ ದಾರಿಗೆ ಇದೇ ಅವನ ಕೊನೆಯ ವರ್ಷ. ಬೇರೆ ಗೈಡುಗಳೆಲ್ಲ ಹುಡುಗರು, ಅಪ್ಪನ ವಯಸ್ಸು ಕೇಳಿದ ಕೂಡಲೇ ಫೋನು ಇಡುತ್ತಾರೆ. ಅಂದರೆ ಈ ಸಲ ಆದರೆ ಆಯಿತು, ಇಲ್ಲದಿದ್ದರೆ ಬಾಲ್ಕನಿಯೇ ಗತಿ.

ಅಪ್ಪ ತಯಾರಿಗೆ ನಿಂತ. ತೂಕಕ್ಕೆಂದು ಒದ್ದೆ ಕಂಬಳಿಗಳನ್ನು ಬೆನ್ನುಚೀಲಕ್ಕೆ ತುಂಬಿಕೊಂಡು ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ನೀರು ಸೋರಿ ಮೆಟ್ಟಿಲೆಲ್ಲ ಒದ್ದೆಯಾಗಿ ಮೇಲಿನ ಮನೆಯಾಕೆ ಬೈದಳು. ಹೊಸ ಬೂಟು ಹಾಕಿಕೊಂಡೇ ಇಸ್ತ್ರಿ ಮಾಡಿದ, ಕಾಲಿಗೆ ಪಳಗಲಿ ಎಂದು. ಪ್ಲಾಸ್ಟಿಕ್ ಬೂಟಿನಲ್ಲಿ ಟಕ್ಕು ಟಕ್ಕು ಎಂದು ಹಿಂದಿನ ಕೋಣೆಯಲ್ಲಿ ಅಡ್ಡಾಡುವಾಗ ಕೌಂಟರಿನ ಎದುರು ನಿಂತವರು "ಒಳಗೆ ಏನು, ಕುದುರೆ ಕಟ್ಟಿದ್ದೀರಾ?" ಎಂದು ಕೇಳುತ್ತಿದ್ದರು.

ಬೀಪರಿನ ಅಭ್ಯಾಸವೂ ಅಂಗಡಿಯಲ್ಲೇ. ಬೀಪರ್ ಎಂದರೆ ಎದೆಗೆ ಕಟ್ಟಿಕೊಳ್ಳುವ ಪುಟ್ಟ ಯಂತ್ರ. ಯಾರಾದರೂ ಹಿಮದಡಿ ಹೂತುಹೋದರೆ ಉಳಿದವರು ತಮ್ಮ ಬೀಪರಿನ ಸದ್ದು ಹಿಡಿದು ಹುಡುಕಿ ಅಗೆಯಬೇಕು. ನನ್ನದನ್ನು ಅಮ್ಮ ಯಾವುದೋ ಕೋಟಿನ ಜೇಬಿನಲ್ಲಿ ಅಡಗಿಸಿಡುತ್ತಿದ್ದಳು. ಅಪ್ಪ ತನ್ನದನ್ನು ಮೂಗಿನ ಮುಂದೆ ಹಿಡಿದುಕೊಂಡು, ಸಾಲಾಗಿ ನೇತುಹಾಕಿದ ಕೋಟುಗಳ ನಡುವೆ ನುಸುಳುತ್ತಾ ಹುಡುಕುತ್ತಿದ್ದ.

"ಬೇಗ ಬೇಗ. ಒಳಗಿರೋಳು ನಾನು ಅಂತ ಅನ್ಕೊಳ್ಳಿ" ಎನ್ನುತ್ತಿದ್ದಳು ಅಮ್ಮ.

"ಹಾಗಿದ್ರೆ ಬೀಪರ್ ಯಾಕೆ? ನಿನ್ನ ಬಾಯಿ ಸದ್ದೇ ಸಾಕು."

ಇನ್ನು ಸ್ಕಿನ್ನುಗಳ ವಿಷಯ. ಸ್ಕೀ ಜಾರುವುದಕ್ಕೆ ಇರುವುದು, ಹತ್ತುವುದಕ್ಕೆ ಅಲ್ಲ. ಹತ್ತುವಾಗ ಅದರ ತಳಕ್ಕೆ ಉದ್ದನೆಯ ಒಂದು ಪಟ್ಟಿ ಅಂಟಿಸುತ್ತಾರೆ. ಅದನ್ನೇ ಸ್ಕಿನ್ ಎನ್ನುವುದು. ಪಟ್ಟಿಯ ಒಂದು ಮೈ ಮಖಮಲ್ಲಿನ ಹಾಗೆ. ಕೂದಲೆಲ್ಲ ಒಂದೇ ಕಡೆಗೆ ಮಲಗಿರುವುದರಿಂದ ಸ್ಕೀ ಮುಂದಕ್ಕೆ ಸರಿಯುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಇನ್ನೊಂದು ಮೈಯ ತುಂಬ ಗಟ್ಟಿ ಅಂಟು. ಆ ಅಂಟು ಯಾವತ್ತೂ ಒಣಗುವುದಿಲ್ಲ. ಮೇಲೆ ತಲುಪಿದ ಮೇಲೆ ಪಟ್ಟಿಯನ್ನು ಕಿತ್ತು ಮಡಚಿ ಚೀಲಕ್ಕೆ ಹಾಕಿಕೊಂಡು ಜಾರುವುದು. ಅಪ್ಪನ ಸ್ಕಿನ್ನುಗಳು ಸ್ಕೀ ಜೊತೆ ಬಂದ ಹಳೆಯವು. ಅಂಟಿನ ತುಂಬ ಕೂದಲು, ದಾರ, ಒಣಹುಲ್ಲು ಮೆತ್ತಿಕೊಂಡಿದ್ದವು. ಆದರೂ ಹಿಡಿಯುತ್ತಿದ್ದವು.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಅಪ್ಪ ಆ ಪಟ್ಟಿಗಳನ್ನು ಒಣಗಲೆಂದು ಅಮ್ಮನ ಮೇಜಿನ ಪಕ್ಕದ ಕಂಬಿಗೆ ನೇತುಹಾಕಿ, ಹೋಟೆಲೊಂದಕ್ಕೆ ಟೇಬಲ್ ಬಟ್ಟೆ ಕೊಟ್ಟು ಬರಲು ಹೋದ. ಮಡಚಿದ ಪಟ್ಟಿಗಳನ್ನು ಅಮ್ಮ ಅಲ್ಲಿಯವರೆಗೆ ಬಿಚ್ಚಿ ನೋಡಿರಲಿಲ್ಲ. ಅವಳ ಮೇಜಿನ ಪಕ್ಕ ಏನಾದರೂ ನೇತಾಡುತ್ತಿದ್ದರೆ ಅದಕ್ಕೆ ಇರುವುದು ಒಂದೇ ಅರ್ಥ. ನಾನು ಕೌಂಟರಿನಲ್ಲಿ ಗಿರಾಕಿಗಳ ನಡುವೆ ಇದ್ದೆ. ಒಳಗಿನಿಂದ ಬ್ರಷ್ಷಿನ ಸದ್ದು ಕೇಳುತ್ತಿತ್ತು. ದಿನವೂ ಕೇಳುವ ಸದ್ದು, ಯಾರು ಕಿವಿಗೊಡುತ್ತಾರೆ?

ಮಧ್ಯಾಹ್ನ ಅಪ್ಪ ವಾಪಸ್ಸು ಬಂದಾಗ ಪಟ್ಟಿಗಳು ಹ್ಯಾಂಗರಿನ ಮೇಲಿದ್ದವು. ಪ್ಲಾಸ್ಟಿಕ್ ಹೊದಿಕೆ ಬೇರೆ. ಅವನು ಹೊದಿಕೆ ತೆಗೆದು ಅಂಗೈ ಇಟ್ಟ. ಕೈ ಅಂಟಲಿಲ್ಲ. ಇನ್ನೊಂದು ಪಟ್ಟಿಗೆ ಇಟ್ಟ. ಅದಕ್ಕೂ ಅಂಟಲಿಲ್ಲ.

"ಏನೇ ಇದು?"

"ಏನು ಅಂದ್ರೆ? ನಿಮ್ದೇ. ಹೇಗಾಗಿದೆ ನೋಡಿ." ಅಮ್ಮ ಕೈ ಒರೆಸಿಕೊಳ್ಳುತ್ತಾ ಎದ್ದು ಬಂದಳು. ಮುಖ ಹೊಳೆಯುತ್ತಿತ್ತು. "ಏನ್ ಗಲೀಜು ಅಂತೀರಿ! ಬಿಸಿ ಕೊಟ್ಟು ಕೆರೆದೆ, ಜಗ್ಗಲಿಲ್ಲ. ಆಮೇಲೆ ಡಾಂಬರು ಕಲೆಗೆ ಹಾಕೋ ಸಾಲ್ವೆಂಟ್ ಹಾಕ್ದೆ ನೋಡಿ, ಬಾಲ ಮುದುರ್ಕೊಂಡು ಬಂತು."

"ಪೂರ್ತಿ ತೆಗೆದ್ಯಾ?"

"ಪೂರ್ತಿ. ಅರ್ಧಂಬರ್ಧ ಕೆಲ್ಸ ನಾನು ಯಾವತ್ತಾದ್ರೂ ಮಾಡಿದೀನಾ?"

ಅಪ್ಪ ಇಸ್ತ್ರಿಗೆ ಕಾದಿದ್ದ ಬಟ್ಟೆಗಂಟಿನ ಮೇಲೆ ಕುಸಿದು ಕೂತ. ನಾನು ಬಾಗಿಲಲ್ಲಿ ನಿಂತಿದ್ದೆ. ನಗು ಬಂತು, ತಡೆಯಲಾಗಲಿಲ್ಲ. ಅಮ್ಮ ಇಬ್ಬರ ಮುಖವನ್ನೂ ನೋಡಿದಳು. ಅವಳಿಗೆ ವಿಷಯ ಬಿಡಿಸಿ ಹೇಳಬೇಕಾದವಳು ನಾನೇ ಆದೆ. ಹೇಳುತ್ತಾ ಹೋದ ಹಾಗೆ ಅವಳ ಮುಖದ ಹೊಳಪು ಇಳಿಯಿತು. ಇಳಿದ ಜಾಗಕ್ಕೆ ಸಿಟ್ಟು ಬಂತು.

"ಅಂಟು ಬೇಕಿತ್ತು ಅಂದ್ರೆ ಒಂದು ಮಾತು ಹೇಳಿ ಹೋಗ್ಬಾರ್ದಿತ್ತಾ? ಇಷ್ಟು ವರ್ಷ ಬಾಳ್ವೆ ಮಾಡಿದೀರಿ. ಅಂಟಿರೋ ವಸ್ತು ತಂದು ನನ್ನ ಮೇಜಿನ ಪಕ್ಕ ಯಾರಾದ್ರೂ ನೇತುಹಾಕ್ತಾರಾ?"

ಅಪ್ಪ ತಲೆ ಎತ್ತಿದ. "ನಿಜ ಹೇಳು. ನಾನು ಹೋಗ್ಬಾರ್ದು ಅಂತಾನೇ ಮಾಡಿದ್ಯಾ?"

ಅಮ್ಮ ಮೇಜಿನ ಮೇಲಿನ ಕತ್ತರಿ ಎತ್ತಿ ತೋರಿಸಿದಳು.

"ಹೋಗ್ಬಾರ್ದು ಅಂತಿದ್ರೆ ಕತ್ತರಿ ಹಾಕಿ ಎರಡು ತುಂಡು ಮಾಡ್ತಿದ್ದೆ" ಎಂದಳು ಅಮ್ಮ. "ಬೆಳಿಗ್ಗೆಯಿಂದ ರಟ್ಟೆ ಬೀಳೋ ಹಾಗೆ ಯಾವಳು ಉಜ್ತಾಳೆ?"

ಮಾತು ಸರಿಯಾಗಿತ್ತು. ಅಪ್ಪ ಒಪ್ಪಿಕೊಂಡು ಎದ್ದ.

ನಾವಿಬ್ಬರೂ ಸ್ಕೀ ಅಂಗಡಿಗೆ ಓಡಿದೆವು. ಅಪ್ಪನ ಸ್ಕೀ ಹಳೆಯ ಅಳತೆಯದು, ಅಷ್ಟು ಕಿರಿದಾದ ಸ್ಕಿನ್ ಅಂಗಡಿಯಲ್ಲಿ ಇರಲಿಲ್ಲ. ತರಿಸಬೇಕು, ಸೋಮವಾರ ಬರುತ್ತದೆ ಎಂದ ಅಂಗಡಿಯವನು. ಬಾಡಿಗೆಯ ಸ್ಕೀಗಳೆಲ್ಲ ವಾರಾಂತ್ಯಕ್ಕೆ ಹೋಗಿಬಿಟ್ಟಿದ್ದವು. ಕೊನೆಗೆ ಅವನು ಒಳಗಿನಿಂದ ಒಂದು ಸುರುಳಿ ತಂದು ಕೊಟ್ಟ. ಕಾಗದದ ಮೇಲೆ ಬಳಿದ ಅಂಟು. ಪಟ್ಟಿಯ ಮೇಲೆ ಹಾಸಿ, ಮೇಲಿನಿಂದ ಇಸ್ತ್ರಿ ಮಾಡಿ, ಆರಿದ ಮೇಲೆ ಕಾಗದ ಕಿತ್ತರೆ ಅಂಟು ಪಟ್ಟಿಗೆ ಇಳಿದಿರುತ್ತದೆ.

"ಒಣ ಇಸ್ತ್ರಿ. ನೀರು ತಾಗ್ಬಾರ್ದು. ಮನೇಲಿ ಇಸ್ತ್ರಿಪೆಟ್ಟಿಗೆ ಇದೆ ತಾನೇ?" ಎಂದು ಕೇಳಿದ.

ಅಪ್ಪ ಅವನನ್ನು ನೋಡಿದ. "ಇದೆ" ಎಂದ.

ಇಸ್ತ್ರಿ ಮಾಡುವುದರಲ್ಲಿ ಅಪ್ಪ ಎತ್ತಿದ ಕೈ. ಮುಕ್ಕಾಲು ಭಾಗ ಕೆಲಸ ನೋಡುವ ಹಾಗಿತ್ತು. ಹಾಳೆ ಸುಕ್ಕಿಲ್ಲದೆ ಹಾಸಿದ, ಅಂಚಿಗೆ ಅಂಚು ಕೂಡಿಸಿದ, ಇಸ್ತ್ರಿಯನ್ನು ಒತ್ತಿ ಒತ್ತಿ ನಡೆಸಿದ. ಅಮ್ಮ ಎದುರು ನಿಂತು ಪಟ್ಟಿಯ ತುದಿ ಹಿಡಿದಿದ್ದಳು. ಎಲ್ಲ ಮುಗಿಯುತ್ತಾ ಬಂತು, ಎಡಗಡೆಯ ಪಟ್ಟಿಯ ಹಿಂತುದಿ ಮಾತ್ರ ಉಳಿದಿತ್ತು. ಅಲ್ಲಿ ಅವನ ಹೆಬ್ಬೆರಳು ತಾನೇ ತಾನಾಗಿ ಹಬೆಯ ಗುಂಡಿ ಒತ್ತಿತು. ಪ್ಯಾಂಟಿನ ಕಾಲ ತುದಿಗೆ ಬಂದಾಗ ಒಂದು ಸಲ ಹಬೆ ಬಿಡುವುದು ಅವನ ರೂಢಿ. ಮೂವತ್ತು ವರ್ಷ ಹಾಗೆ ಮಾಡಿದ ಬೆರಳು, ಅದಕ್ಕೇನು ಗೊತ್ತು ಇದು ಪ್ಯಾಂಟೋ ಪಟ್ಟಿಯೋ ಎಂದು. ಸುಂಯ್ ಎಂದಿತು. ಕಾಗದ ತೇವವಾಗಿ ಉಬ್ಬಿತು.

ಮೂವರೂ ನೋಡಿದೆವು. ಹಾಳೆ ಬೇರೆ ಉಳಿದಿರಲಿಲ್ಲ. ಅಪ್ಪ ಬಟ್ಟೆಯಿಂದ ಒತ್ತಿ ಒರೆಸಿ, ಒಣ ಇಸ್ತ್ರಿ ಮತ್ತೆ ಹಾಯಿಸಿದ. ಆರಿದ ಮೇಲೆ ಕಾಗದ ಕಿತ್ತ. ಅಂಟು ಬಂದಿತ್ತು. ತುದಿಯಲ್ಲೂ ಬಂದಿತ್ತು, ಸ್ವಲ್ಪ ಮಂಕಾಗಿ. ಸ್ಕೀಗೆ ಅಂಟಿಸಿ ಎಳೆದು ನೋಡಿದ. ಹಿಡಿಯಿತು.

"ನಾಳೆ ಗೈಡಿಗೆ ಒಂದ್ಮಾತು ಹೇಳ್ಬಿಡಪ್ಪ" ಎಂದೆ.

"ಏನಂತ? ಹಿಡಿದಿದೆ ಅಲ್ವಾ. ಚೆನ್ನಾಗಿ ಹಿಡಿದಿರೋದನ್ನ ಯಾಕೆ ಹಿಡಿದಿದೆ ಅಂತ ಹೇಳ್ತಾರಾ?"

"ಹೇಳೋದಾದ್ರೂ ನನ್ನ ಹೆಸರು ಎತ್ಬೇಡಿ" ಎಂದಳು ಅಮ್ಮ. "ಆ ಹಲ್ಲಿನ ಡಾಕ್ಟ್ರೂ ಬರ್ತಾರೆ ಅಲ್ವಾ? ಕಲೆ ತೆಗೆಯೋ ಅಮ್ಮ ಅಂಟಿಗೂ ಕಲೆಗೂ ವ್ಯತ್ಯಾಸ ಗೊತ್ತಿಲ್ಲದೋಳು ಅಂತ ಊರಿಗೆಲ್ಲ ಹರಡ್ತಾರೆ. ಹಲ್ಲು ಕೀಳುವಾಗ ಅವ್ರಿಗೆ ಮಾತಾಡೋದು ಬಿಟ್ರೆ ಬೇರೆ ಕೆಲ್ಸ ಏನಿದೆ?"

ಹಲ್ಲಿನ ಡಾಕ್ಟರು ನಮ್ಮ ಹಳೆಯ ಗಿರಾಕಿ. ಅವರ ಬಿಳಿ ಕೋಟುಗಳು ಪ್ರತಿ ವಾರ ನಮ್ಮಲ್ಲಿಗೇ ಬರುತ್ತವೆ.

ಭಾನುವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ನಾವು ಐದು ಜನ. ನಿಧಾನಪ್ಪ, ಹಲ್ಲಿನ ಡಾಕ್ಟರು, ಅವರ ಹೆಂಡತಿ, ಅಪ್ಪ, ನಾನು. ಮೋಡ ಇರಲಿಲ್ಲ. ಉಸಿರು ಬಿಟ್ಟರೆ ಮೀಸೆಯ ಮೇಲೆ ಹಿಮ ಕಟ್ಟುವಷ್ಟು ಚಳಿ. ನಿಧಾನಪ್ಪ ಒಬ್ಬೊಬ್ಬರನ್ನೂ ತನ್ನ ಮುಂದೆ ನಡೆಸಿ ಬೀಪರ್ ಕೂಗುತ್ತದೆಯೇ ಎಂದು ನೋಡಿದ. ಚೀಲ ಎತ್ತಿ ತೂಕ ನೋಡಿದ. ಅಪ್ಪನ ಚೀಲ ಬಿಚ್ಚಿಸಿದ. ಒಳಗೆ ಎಲ್ಲವೂ ಅಂಗಡಿಯ ಕಟ್ಟುಗಳ ಹಾಗೆ ಮಡಚಿ ಇಟ್ಟಿತ್ತು. ಬದಲಿ ಬನಿಯನ್ನಿಗೂ ಇಸ್ತ್ರಿ ಹಾಕಿತ್ತು.

"ಇದಕ್ಯಾಕೆ ಇಸ್ತ್ರಿ?" ಎಂದ ನಿಧಾನಪ್ಪ.

"ಜಾಗ ಕಮ್ಮಿ ಹಿಡಿಯುತ್ತೆ ಸಾರ್."

ಅವನು ತಲೆದೂಗಿದ. ಆಮೇಲೆ ಎಲ್ಲರ ಸ್ಕಿನ್ನುಗಳನ್ನೂ ಮುಂತುದಿ ಹಿಡಿದು ಎಳೆದು ನೋಡಿದ. ಅಪ್ಪನದನ್ನು ಎಳೆದಾಗ ಅದು ಬಿಗಿಯಾಗಿ ಹಿಡಿದುಕೊಂಡಿತು. "ಹೊಸ ಅಂಟಾ? ಚೆನ್ನಾಗಿದೆ" ಎಂದ.

"ಹೂಂ" ಎಂದ ಅಪ್ಪ. ಕೌಂಟರಿನ ನಗು ನಕ್ಕ. ಆ ನಗು ನನಗೆ ಚೆನ್ನಾಗಿ ಗೊತ್ತು, ನಾನೂ ದಿನವೂ ನಗುತ್ತೇನೆ.

ಹತ್ತಲು ಶುರುಮಾಡಿದೆವು. ನಿಧಾನಪ್ಪ ಮುಂದೆ, ಆಮೇಲೆ ಡಾಕ್ಟರ ಹೆಂಡತಿ, ಡಾಕ್ಟರು, ಅಪ್ಪ, ಕೊನೆಗೆ ನಾನು. ಮರಗಳ ನಡುವೆ ದಾರಿ ಮೆತ್ತಗಿತ್ತು. ಅಪ್ಪನ ಉಸಿರು ಒಂದೇ ಸಮ, ಹೆಜ್ಜೆ ಒಂದೇ ಸಮ. ಕಂಬಳಿಗಳು ಕೆಲಸ ಮಾಡಿದ್ದವು. ಮರಗಳು ಮುಗಿದು ಬಯಲು ಇಳಿಜಾರು ಬಂದಾಗ ದಾರಿ ಅಂಕುಡೊಂಕಾಯಿತು. ತಿರುವಿನಲ್ಲಿ ಒಂದು ಸ್ಕೀ ಎತ್ತಿ ಪೂರ್ತಿ ಹಿಂದಕ್ಕೆ ತಿರುಗಿಸಿ ಇಡಬೇಕು. ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಅಪ್ಪ ಎಡಗಾಲು ಎತ್ತಿದಾಗ ಕಂಡಿತು. ಪಟ್ಟಿಯ ಹಿಂತುದಿ ಬೆರಳಗಲ ಬಿಟ್ಟಿತ್ತು.

"ಅಪ್ಪಾ" ಎಂದೆ.

"ಗೊತ್ತು" ಎಂದ, ತಿರುಗಿ ನೋಡದೆ.

ನಡೆದ. ಮುಂದಿನ ತಿರುವಿನಲ್ಲಿ ಎರಡು ಬೆರಳಗಲ. ಒಳಗೆ ಹಿಮ ಸೇರಿದರೆ ಅಂಟು ಇನ್ನೂ ಬಿಡುತ್ತದೆ. ಮೇಲೆ ಒಂದು ದೊಡ್ಡ ಬಂಡೆ ಇತ್ತು. ಅಲ್ಲಿಂದ ಆಚೆ ಇಳಿಜಾರು ತೀರ ಕಡಿದಾಗಿತ್ತು, ಹಿಮ ಗಾಜಿನಷ್ಟು ಗಟ್ಟಿ. ಅಲ್ಲಿ ಪಟ್ಟಿ ಕಿತ್ತು ಬಂದರೆ ಮನುಷ್ಯ ಮರಗಳವರೆಗೆ ಜಾರಿ ಬರುತ್ತಾನೆ, ದಾರಿಯಲ್ಲಿ ಸಿಕ್ಕವರನ್ನೂ ಕರೆದುಕೊಂಡು. ದಾರಿಯಲ್ಲಿ ಸಿಗುವವಳು ನಾನೇ. ಬಂಡೆಯವರೆಗೆ ನೋಡುತ್ತೇನೆ, ಅಲ್ಲಿಯೂ ಬಾಯಿ ಬಿಡದಿದ್ದರೆ ನಾನೇ ಕೂಗುತ್ತೇನೆ ಎಂದುಕೊಂಡೆ. ನಾನು ಕೂಗಿದರೆ ಅವನ ಯಾತ್ರೆ ಅಲ್ಲಿಗೆ ಮುಗಿಯಿತು ಎಂಬುದೂ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಅವನ ಕಿವಿಗಳು ಕೆಂಪಾಗಿದ್ದವು. ಅದು ಚಳಿಗಲ್ಲ.

ಬಂಡೆ ಇನ್ನೂ ಒಂದು ತಿರುವು ದೂರ ಇರುವಾಗ ಅಪ್ಪ ನಿಂತ. ಕೈಯ ಸ್ಕೀ ಕೋಲು ಮೇಲೆತ್ತಿದ.

"ಸಾರ್! ನಿಲ್ಲಿ ಸಾರ್! ನನ್ನ ಪಟ್ಟಿ ಬಿಡ್ತಾ ಇದೆ!"

ಸಾಲು ನಿಂತಿತು. ನಿಧಾನಪ್ಪ ಪಕ್ಕಕ್ಕೆ ಸರಿದು ಇಳಿದು ಬಂದ. "ಹೇಗೆ ಬಿಡ್ತು? ಬೆಳಿಗ್ಗೆ ಗಟ್ಟಿ ಇತ್ತಲ್ಲ."

ಆಗ ಅಪ್ಪ ಶುರುಮಾಡಿದ. ಮೂವತ್ತು ವರ್ಷ ಗಿರಾಕಿಗಳಿಗೆ ಹೇಳದೆ ಉಳಿಸಿಕೊಂಡ ಕಥೆಗಳ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ತೀರಿಸುವವನ ಹಾಗೆ. ಕಂಬಿಗೆ ನೇತುಹಾಕಿದ್ದು, ಹೋಟೆಲಿಗೆ ಹೋದದ್ದು, ಹೆಂಡತಿ ಬಿಸಿ ಕೊಟ್ಟು ಕೆರೆದದ್ದು, ಡಾಂಬರಿನ ಸಾಲ್ವೆಂಟ್, ಪ್ಲಾಸ್ಟಿಕ್ ಹೊದಿಕೆ, ಅಂಗಡಿಯವನು ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇದೆಯಾ ಎಂದು ಕೇಳಿದ್ದು, ಹೆಬ್ಬೆರಳು. ಹೆಬ್ಬೆರಳನ್ನು ಕೈಗವಸಿನಿಂದ ಹೊರಗೆ ತೆಗೆದು ತೋರಿಸಿದ. ಗಾಳಿ ಬೀಸುತ್ತಿತ್ತು. ಡಾಕ್ಟರ ಹೆಂಡತಿ ಕಾಲು ಬದಲಿಸಿ ಬದಲಿಸಿ ನಿಂತರು. ಪ್ಲಾಸ್ಟಿಕ್ ಹೊದಿಕೆಯ ಜಾಗಕ್ಕೆ ಬಂದಾಗ ಡಾಕ್ಟರು ಕೋಲಿನ ಮೇಲೆ ಬಗ್ಗಿ ನಗತೊಡಗಿದವರು ನಿಲ್ಲಿಸಲೇ ಇಲ್ಲ.

"ಇಷ್ಟು ಹೇಳ್ಬೇಕಾಗಿರ್ಲಿಲ್ಲ" ಎಂದ ನಿಧಾನಪ್ಪ. "ತುದಿ ಒದ್ದೆ ಆಗಿತ್ತು ಅಂದಿದ್ರೆ ಸಾಕಿತ್ತು."

"ಹೌದಾ ಸಾರ್."

"ಬೆಳಿಗ್ಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

"ನೀವು ಚೆನ್ನಾಗಿದೆ ಅಂದ್ರಲ್ಲ ಸಾರ್. ಎದುರಿಗಿರೋರು ಚೆನ್ನಾಗಿದೆ ಅಂದ್ಮೇಲೆ ನಮ್ಮ ಬಾಯಿ ಮುಂದಕ್ಕೆ ತೆರೆಯಲ್ಲ. ಅಭ್ಯಾಸ."

ನಿಧಾನಪ್ಪ ತನ್ನ ಚೀಲದಿಂದ ಒಂದು ಬೆಲ್ಟು, ಒಂದು ಅಗಲ ಟೇಪು ತೆಗೆದು ಅಪ್ಪನ ಕೈಗೆ ಕೊಟ್ಟ. ತಾನು ಮುಟ್ಟಲಿಲ್ಲ. ಅಪ್ಪ ಸ್ಕೀ ಬಿಚ್ಚಿ, ಪಟ್ಟಿಯ ತುದಿಯ ಹಿಮ ಕೆರೆದು, ಒರೆಸಿ, ಬಗಲಲ್ಲಿ ಇಟ್ಟುಕೊಂಡು ಸ್ವಲ್ಪ ಬೆಚ್ಚಗೆ ಮಾಡಿ ಒತ್ತಿದ. ಟೇಪು ಸುತ್ತಿದ, ಬೆಲ್ಟು ಬಿಗಿದ. ಬರಿಗೈಯಲ್ಲಿ ಮಾಡಬೇಕಾದ ಕೆಲಸ, ಬೆರಳುಗಳು ಬಿಳಿಚಿಕೊಂಡವು. ಆದರೂ ಟೇಪಿನ ಅಂಚು ಒಂದಿಷ್ಟೂ ಸೊಟ್ಟಗಾಗಲಿಲ್ಲ. ಗುಂಪು ಕಾಯಿತು. ಕಾಯುವುದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಡಾಕ್ಟರು ಇನ್ನೂ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ನಿಧಾನ" ಎಂದ ನಿಧಾನಪ್ಪ. ಬಂಡೆ ದಾಟಿದೆವು. ಗಟ್ಟಿ ಹಿಮದ ಮೇಲೆ ಪಟ್ಟಿ ಹಿಡಿಯಿತು. ತುದಿ ಮುಟ್ಟಿದೆವು. ಅಪ್ಪ ಅಲ್ಲಿ ನಿಂತು ಟೋಪಿ ತೆಗೆದ, ಬೋಳುತಲೆಗೆ ಗಾಳಿ ಬಡಿಯಲು ಬಿಟ್ಟ, ಮತ್ತೆ ಹಾಕಿಕೊಂಡ. ಇಳಿಯುವಾಗ ಎರಡು ಸಲ ಬಿದ್ದ, ಎರಡು ಸಲವೂ "ಬಿದ್ದೆ!" ಎಂದು ಜೋರಾಗಿ ಕೂಗಿ ಹೇಳಿದ.

"ಕಾಣಿಸ್ತಿದೆ" ಎಂದರು ಡಾಕ್ಟರು.

ಕಾರಿನ ಹತ್ತಿರ ಬಂದಾಗ ಯಾರೂ ಅಪ್ಪನ ಕಡೆ ನೋಡಲಿಲ್ಲ. ಅವನು ಸ್ಕೀಗಳ ತಳ ಒರೆಸುತ್ತಾ ನಿಂತ. ಒರೆಸಿದ್ದನ್ನೇ ಒರೆಸಿದ. ನಿಧಾನಪ್ಪ ತನ್ನ ಬೂಟಿನ ಬಕಲು ಬಿಚ್ಚಿ, ಮಂಡಿ ನೀವಿಕೊಂಡು, ಫ್ಲಾಸ್ಕಿನಿಂದ ಕಾಫಿ ಸುರಿದುಕೊಂಡ.

"ಬೆಳಿಗ್ಗೆ ಹೇಳಿದ್ರೆ ಚೆನ್ನಾಗಿರ್ತಿತ್ತು" ಎಂದ.

"ಹೌದು ಸಾರ್."

"ಬಂಡೆ ದಾಟಿದ್ಮೇಲೆ ಹೇಳಿದ್ರೆ ಇವತ್ತಿಗೇ ನಮಸ್ಕಾರ ಹೇಳ್ತಿದ್ದೆ."

"ಹೌದು ಸಾರ್."

"ನಡುವೆ ಹೇಳಿದೀರಿ." ಒಂದು ಗುಟುಕು ಕುಡಿದ. "ಮೇಲೆ ದಿನಾ ಬೆಳಿಗ್ಗೆ ನಾನೇ ನಿಮ್ಮನ್ನ ಕೇಳ್ತೀನಿ. ಏನ್ ಸರಿ ಇಲ್ಲ ಲಾಂಡ್ರಿಯವ್ರೇ ಅಂತ. ಏನೂ ಇಲ್ಲ ಸಾರ್ ಅಂದ್ರೆ ನಂಬಲ್ಲ. ಒಂದಾದ್ರೂ ಹೇಳ್ಬೇಕು. ಆಗುತ್ತಾ?"

ಅಪ್ಪ ಒರೆಸುವುದನ್ನು ನಿಲ್ಲಿಸಿದ. "ಈಗಲೇ ಒಂದಿದೆ ಸಾರ್. ಬಲಗಾಲಿನ ಕಿರುಬೆರಳು."

"ಇರ್ಲಿ, ಬೆರಳು ನೋಡೋಣ. ಹೊಸ ಸ್ಕಿನ್ ತಗೊಳ್ಳಿ. ಮನೆಗೆ ಮಾತ್ರ ಒಯ್ಬೇಡಿ, ನೇರ ನನ್ನ ಹತ್ರ ತಂದಿಡಿ."

ಭಾನುವಾರ ಅಂಗಡಿಯ ಬಾಗಿಲು ತೆರೆಯುವುದಿಲ್ಲ, ಆದರೂ ಹಿಂದಿನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಮನೆಯಲ್ಲಿ ಕೂರಲಾರದೆ ಅಮ್ಮ ಬಂದು ಯಾವುದೋ ಪರದೆಯ ಕಲೆ ಉಜ್ಜುತ್ತಿದ್ದಳು. ನಮ್ಮನ್ನು ಕಂಡು ಬ್ರಷ್ಷು ಕೆಳಗಿಟ್ಟಳು. ಅಪ್ಪನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಒಪ್ಕೊಂಡ್ರು" ಎಂದ ಅಪ್ಪ.

"ಅಂಟು ನಿಂತ್ತಾ?"

"ಇಲ್ಲ. ಬಿಡ್ತು. ಎಲ್ಲಾ ಹೇಳ್ಬಿಟ್ಟೆ."

"ಎಲ್ಲಾ ಅಂದ್ರೆ?"

"ಎಲ್ಲಾ."

"ಡಾಕ್ಟ್ರ ಮುಂದೆ?"

ಅಪ್ಪ ಗೋಡೆಯ ಕಡೆ ನೋಡಿದ. ನಾನು ಹೇಳಿದೆ: "ಡಾಕ್ಟ್ರು ನಕ್ಕು ನಕ್ಕು ಬೀಳೋದೊಂದು ಬಾಕಿ ಅಮ್ಮ."

ಅಮ್ಮನ ಮೂಗು ಅರಳಿತು. ಅಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ನಗ್ಲಿ, ನಗ್ಲಿ" ಎಂದಳು. "ಅವ್ರ ಕೋಟಿನ ಮೇಲೆ ಪ್ರತಿ ವಾರ ಯಾವ ಕಲೆ ಇರುತ್ತೆ ಅಂತ ನಾನು ಯಾರಿಗಾದ್ರೂ ಹೇಳಿದೀನಾ? ಕ್ಲಿನಿಕ್ಕಿನ ಬಾಗ್ಲಲ್ಲಿ ಮಕ್ಕಳಿಗೆ ಚಾಕೊಲೇಟ್ ತಿನ್ಬೇಡಿ ಅಂತ ಬೋರ್ಡ್ ಬೇರೆ."

ಆಮೇಲೆ ಅವಳಿಗೆ ಇನ್ನೊಂದು ನೆನಪಾಯಿತು. "ಅಲ್ರೀ, ನೀವಿಬ್ರೂ ಹೋದ್ರೆ ಆ ವಾರ ಇಸ್ತ್ರಿ ಯಾರು ಮಾಡೋದು? ಕೌಂಟರ್ ಯಾರು ನೋಡೋದು?"

ಇಷ್ಟು ದಿನ ಬೂಟು, ಬೀಪರು, ಕಂಬಳಿ ಎಂದು ಓಡಾಡಿದ ಮೂವರೂ ಇದೊಂದನ್ನು ಯೋಚಿಸಿರಲಿಲ್ಲ. ಅಪ್ಪ ಹೋಗುತ್ತಾನೆ ಎಂದು ನಮ್ಮಲ್ಲಿ ಯಾರೂ ಒಳಗಿಂದೊಳಗೆ ನಂಬಿರಲಿಲ್ಲ ಎಂದು ಕಾಣುತ್ತದೆ.

"ಅಂಗಡಿ ಮುಚ್ಚೋಣ" ಎಂದ ಅಪ್ಪ ಮೆಲ್ಲಗೆ.

"ಮುಚ್ಚೋದಾ? ನಾನೇನು ಸತ್ತಿದೀನಾ?" ಅಮ್ಮ ಎದ್ದಳು. ರಾಶಿಯಿಂದ ಒಂದು ಷರ್ಟು ಎಳೆದು ಇಸ್ತ್ರಿಯ ಮೇಜಿನ ಮೇಲೆ ಹರಡಿದಳು. ಅಷ್ಟು ವರ್ಷ ಅದೇ ಕೋಣೆಯಲ್ಲಿದ್ದೂ ಆ ಇಸ್ತ್ರಿಯನ್ನು ಅವಳು ಒಂದು ಸಲವೂ ಹಿಡಿದಿರಲಿಲ್ಲ. ಅದು ಅಪ್ಪನ ಜಾಗ. "ಬನ್ನಿ, ಹೇಳ್ಕೊಡಿ. ಮೊದ್ಲು ಏನು? ತೋಳಾ?"

"ಕಾಲರ್ರು."

"ಕಾಲರ್ರಾ? ನೋಡೋಕೆ ಮೊದ್ಲು ಕಾಣೋದು ಎದೆ ಅಲ್ವಾ?"

"ಕಾಲರ್ ಮೊದ್ಲು ಕಣೇ. ಒಳಮಗ್ಗುಲಿಂದ. ಅಂಚಿಂದ ನಡುವಿಗೆ ಬಾ. ಹಾಗಲ್ಲ, ಇಸ್ತ್ರಿ ದೂಡ್ಬೇಡ, ಅದು ತಾನೇ ಹೋಗುತ್ತೆ."

ಅಪ್ಪ ಒದ್ದೆ ಪ್ಯಾಂಟಿನಲ್ಲೇ ಅವಳ ಹಿಂದೆ ನಿಂತ, ಕೈ ಕಟ್ಟಿಕೊಂಡು, ಮುಟ್ಟದೆ. ಅವಳು ಗುಂಡಿ ಒತ್ತಿದಳು. ಹಬೆ ಎದ್ದು ಇಬ್ಬರ ಮುಖವನ್ನೂ ಮುಚ್ಚಿತು. ಆ ಸದ್ದಿನಲ್ಲಿ ಅಮ್ಮ ಏನೋ ಅಂದಳು, ಅಪ್ಪ ನಕ್ಕ. ಏನೆಂದು ನನಗೆ ಕೇಳಿಸಲಿಲ್ಲ. ನಾನು ಬೂಟು ಬಿಚ್ಚಲು ಕೂತೆ. ಷರ್ಟಿನ ತೋಳಿಗೆ ಒಂದು ಗೆರೆ ಬೀಳಬೇಕಾದಲ್ಲಿ ಎರಡು ಬಿದ್ದವು.

"ತೋಳು ಬಿಡಿಸಿ ಮತ್ತೆ ಮಾಡು" ಎಂದ ಅಪ್ಪ. "ನಿಧಾನ."